ಹನ್ನೊಂದನೇ ಮನೆಯ ಕೆಂಪು ಮುಚ್ಚಳ

ಈ ಊರಿನ ಜನ ಏನು ತಿಂದು ಬದುಕಿದ್ದಾರೆ ಎಂಬುದನ್ನು ನನ್ನ ಹೆಂಡತಿ ಅವರ ಮೂತ್ರ ನೋಡಿ ಹೇಳಬಲ್ಲಳು. ಆದರೆ ಅದೇ ಸೂರಿನ ಕೆಳಗೆ ಇರುವ ಅವಳ ಸ್ವಂತ ಗಂಡ ನಿನ್ನೆ ಏನು ತಿಂದ ಎಂಬುದು ಅವಳಿಗೆ ಗೊತ್ತಿಲ್ಲ. ಕೇಳಿದ್ದೂ ಇಲ್ಲ. ಇದು ನನ್ನ ದೂರು. (ಇಂಥ ದೂರನ್ನು ಯಾವ ಠಾಣೆಯಲ್ಲಿ ಬರೆದುಕೊಳ್ಳುತ್ತಾರೋ ತಿಳಿಯದೆ ನಿಮ್ಮ ಹತ್ತಿರ ಬಂದಿದ್ದೇನೆ.)

ಅವಳ ಉದ್ಯೋಗ ಪ್ರಯೋಗಾಲಯದಲ್ಲಿ. ಜನರ ಊಟದಲ್ಲಿ ಅಯೋಡಿನ್ ಸಾಕಷ್ಟಿದೆಯೇ ಎಂದು ಅಳೆಯುವುದು ಕೆಲಸ. ಅಯೋಡಿನ್ ಎಂದರೆ ಕಣ್ಣಿಗೆ ಕಾಣದಷ್ಟು ಬೇಕಾದ ಖನಿಜ. ಅಷ್ಟೂ ಸಿಗದೇ ಹೋದರೆ ಕುತ್ತಿಗೆ ಊದಿಕೊಳ್ಳುತ್ತದೆ, ಮನುಷ್ಯ ಮಂಕಾಗುತ್ತಾನೆ. ಅದಕ್ಕೇ ಪೊಟ್ಟಣದ ಉಪ್ಪಿಗೆ ಅದನ್ನು ಬೆರೆಸಿ ಮಾರುತ್ತಾರೆ. ತಿಂದದ್ದರಲ್ಲಿ ಬಹುಪಾಲು ಬೇಗನೆ ಮೂತ್ರದಲ್ಲಿ ಹೊರಗೆ ಬಂದುಬಿಡುತ್ತದಂತೆ. ಹಾಗಾಗಿ ಯಾರನ್ನೂ ಏನು ತಿಂದಿರಿ ಎಂದು ಕೇಳುವ ಅಗತ್ಯವಿಲ್ಲ. ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ಮೂತ್ರ ಸುಳ್ಳು ಹೇಳುವುದಿಲ್ಲ ಎಂಬುದು ನನ್ನ ಹೆಂಡತಿಯ ಪರಮ ಸಿದ್ಧಾಂತ.

ನನ್ನದು ಕನ್ನಡಕದ ಅಂಗಡಿ. ಸಂಜೆ ಬೇಗ ಬಾಗಿಲು ಹಾಕಿ ಮನೆಗೆ ಬರುತ್ತೇನೆ. ಅವಳಿಗೆ ಈ ಅಯೋಡಿನ್ ಅಧ್ಯಯನ ಗಂಟುಬಿದ್ದ ಮೇಲೆ ಅಡುಗೆಮನೆಯ ಸರ್ವಾಧಿಕಾರ ನನ್ನ ಕೈಗೆ ಬಂತು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ನನ್ನ ಕೈ ರುಚಿ ಸಾಮಾನ್ಯದ್ದಲ್ಲ. ತರಕಾರಿ ಹೆಚ್ಚುವುದರಲ್ಲಿ ನನಗೊಂದು ಶಿಸ್ತು, ಒಗ್ಗರಣೆಗೆ ಒಂದು ಗಳಿಗೆ, ಉಪ್ಪಿಗಂತೂ ಒಂದು ನಿಷ್ಠೆ. ಪೊಟ್ಟಣದ ಪುಡಿ ಉಪ್ಪು ನನಗೆ ಆಗದು. ಗಾಡಿಯವನು ತರುವ ಕಲ್ಲುಪ್ಪೇ ಆಗಬೇಕು. ಅದನ್ನು ಅಂಗೈಯಲ್ಲಿ ತೂಗಿ ನೋಡಿ ಪಾತ್ರೆಗೆ ಬಿಟ್ಟರೆ ಅಡುಗೆಗೆ ಜೀವ ಬರುತ್ತದೆ ಎಂದು ನಾನು ನಂಬಿದ್ದೆ.

ಇಷ್ಟೆಲ್ಲ ಮಾಡಿ ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಿದ್ದೆ. ಅವಳು ಬರುವ ಹೊತ್ತಿಗೆ ಅವಳದು ಪ್ರಯೋಗಾಲಯದ ಕ್ಯಾಂಟೀನಿನಲ್ಲಿ ಊಟ ಆಗಿರುತ್ತಿತ್ತು. ನಾನು ಒಬ್ಬನೇ ಉಂಡು, ನನ್ನ ತಟ್ಟೆಯನ್ನು ತೊಳೆದು, ಅವಳದನ್ನು ಸುಮ್ಮನೆ ಒರೆಸಿ ಒಳಗಿಡುತ್ತಿದ್ದೆ. ಮೊದಲೆಲ್ಲ ಹೀಗಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತು, ಅವಳ ತಟ್ಟೆ ತುಂಬ ಹುರಿದ ಆಲೂಗಡ್ಡೆ ಇದ್ದರೂ ನನ್ನ ತಟ್ಟೆಯದಕ್ಕೇ ಕೈ ಹಾಕುತ್ತಿದ್ದಳು. ನಾನು ಗದರಿಕೊಳ್ಳುತ್ತಿದ್ದೆ. ಈಗ ನನ್ನ ಆಲೂಗಡ್ಡೆಯೆಲ್ಲ ನನಗೇ, ಕೊನೆಯ ಚೂರಿನವರೆಗೂ. ಅವಳು ಒಂದು ಹೊತ್ತು ಮನೆಗೆ ಬಂದು ನನ್ನೆದುರು ಕುಳಿತು ಉಣ್ಣಬೇಕು, ಅಷ್ಟೇ ನನ್ನ ಆಸೆ. ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದ್ದೆ. ಕೆಲಸ ಗುಡ್ಡೆ ಬಿದ್ದಿದೆ ರೀ, ಇನ್ನು ಸ್ವಲ್ಪ ದಿನ ಎಂದಿದ್ದಳು. ಆ ಸ್ವಲ್ಪ ದಿನ ವರ್ಷ ತುಂಬಿ ದಾಟಿತ್ತು.

ಹೀಗಿರುವಾಗ ಅಧ್ಯಯನಕ್ಕೆ ಮನೆಗಳು ಸಾಲದೆ ಬಂದವು. ದೊಡ್ಡ ಮೇಡಂ (ನನ್ನ ಹೆಂಡತಿಯ ಮೇಲಧಿಕಾರಿ, ನನ್ನ ಹೆಂಡತಿಯೂ ಹೆದರುವ ಏಕೈಕ ವ್ಯಕ್ತಿ) ಅಲ್ಲಿ ಕೆಲಸ ಮಾಡುವವರೆಲ್ಲ ತಂತಮ್ಮ ಮನೆಯವರ ಜೊತೆ ಸೇರಿಕೊಳ್ಳಬೇಕೆಂದು ಅಪ್ಪಣೆ ಮಾಡಿದರು. ಮನೆಗೆ ಇಬ್ಬರು, ಇಬ್ಬರಿಗೂ ಒಂದೊಂದು ದೊಡ್ಡ ಕ್ಯಾನು. ಅಡುಗೆ ಮಾಡುವವರಿಗೆ ಕೆಂಪು ಮುಚ್ಚಳ, ಇನ್ನೊಬ್ಬರಿಗೆ ನೀಲಿ. ಬೆಳಗ್ಗೆ ಎದ್ದ ಮೇಲಿನ ಮೊದಲನೆಯದನ್ನು ಬಿಟ್ಟುಬಿಡಬೇಕು, ಅಲ್ಲಿಂದ ಮಾರನೆಯ ಬೆಳಗಿನ ಮೊದಲನೆಯದರವರೆಗೆ ಒಂದು ಹನಿಯನ್ನೂ ಪೋಲು ಮಾಡದೆ ಕ್ಯಾನಿಗೆ ಅರ್ಪಿಸಬೇಕು. ಹಾಗೆ ಕೊಟ್ಟ ಕ್ಯಾನುಗಳಿಗೆ ಮೇಡಂ ತಾವೇ ಬಾಗಿಲು ಹಾಕಿಕೊಂಡು ಮನೆ ನಂಬರು ಅಂಟಿಸಿದರು. ಯಾವ ನಂಬರು ಯಾರ ಮನೆಯದು ಎಂಬುದು ಅಳೆಯುವವರಿಗೆ ತಿಳಿಯಬಾರದಂತೆ. ನಾನು ಕೊಟ್ಟೆ, ಅವಳೂ ಕೊಟ್ಟಳು, ಇಬ್ಬರೂ ಮರೆತೆವು.

ಸ್ವಲ್ಪ ದಿನ ಕಳೆದ ಮೇಲೆ ಒಂದು ಸಂಜೆ ಅವಳು ಬಂದವಳೇ ಸೋಫಾದ ಮೇಲೆ ಕುಸಿದು, "ರೀ, ಈ ಹನ್ನೊಂದನೇ ಮನೆ ನನ್ನ ತಲೆ ತಿಂತಿದೆ" ಎಂದಳು.

ನಾನು ಉಣ್ಣುತ್ತ ಕಿವಿ ನಿಮಿರಿಸಿದೆ. ಉಳಿದೆಲ್ಲ ಮನೆಗಳಲ್ಲೂ ಕೆಂಪು ಮತ್ತು ನೀಲಿಯ ಅಯೋಡಿನ್ ಮಟ್ಟ ಜೊತೆಜೊತೆಗೇ ಇದೆಯಂತೆ. ಒಂದೇ ಒಲೆ, ಒಂದೇ ಉಪ್ಪು, ಇರಲೇಬೇಕಲ್ಲ. ಆದರೆ ಈ ಹನ್ನೊಂದರಲ್ಲಿ ಮಾತ್ರ ನೀಲಿ ಮುಚ್ಚಳ ದಿವ್ಯವಾಗಿದೆಯಂತೆ, ಕೆಂಪು ಮುಚ್ಚಳ ಪಾತಾಳಕ್ಕೆ ಇಳಿದಿದೆಯಂತೆ.

"ಅಂದ್ರೆ ಏನರ್ಥ?" ಎಂದೆ.

"ಆ ಮನೆ ಉಪ್ಪಲ್ಲೇ ಅಯೋಡಿನ್ ಇಲ್ಲ. ಅಡುಗೆ ಮಾಡೋಳು ಆ ಊಟ ಉಣ್ತಾಳೆ, ಗಂಡ ಉಣ್ಣಲ್ಲ. ಹೊರಗಡೆ ಎಲ್ಲೋ ಚೆನ್ನಾಗಿ ತಿಂದ್ಕೊಂಡು ಬರ್ತಾನೆ. ಪಾಪ, ಅವಳು ಒಬ್ಬಳೇ ಕೂತು ಉಣ್ತಾಳೆ ಕಣ್ರೀ."

ಆ 'ಪಾಪ' ಎಂಬ ಎರಡಕ್ಷರವಿದೆಯಲ್ಲ, ಅದು ನೇರವಾಗಿ ನನ್ನ ಎದೆಗೆ ನಾಟಿತು. ಅಷ್ಟು ಮಮತೆಯ ಪಾಪ ನನ್ನ ಪಾಲಿಗೆ ಬಂದು ಎಷ್ಟು ಕಾಲವಾಗಿತ್ತು! ಮುಖ ಕಾಣದ ಒಂದು ಪ್ಲಾಸ್ಟಿಕ್ ಮುಚ್ಚಳದ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಕೆಲವು ಮನೆಗಳಲ್ಲಿ ಗಂಡಸರೂ ಬೇಯಿಸಿಟ್ಟುಕೊಂಡು ಕಾಯುತ್ತಾರೆ ಎಂದು ತಟ್ಟೆಯ ಕಡೆ ನೋಡುತ್ತ ಮೆಲ್ಲಗೆ ಅಂದೆ. ಅವಳಿಗೆ ಅದು ಕೇಳಿಸಲಿಲ್ಲ. ಅವಳ ಮನಸ್ಸೆಲ್ಲ ಹನ್ನೊಂದನೇ ಮನೆಯಲ್ಲೇ ಇತ್ತು.

"ಕಟ್ಕೊಂಡೋಳು ಕಾಯ್ತಿದ್ರೆ ಒಂದು ಹೊತ್ತು ಮನೆಗೆ ಬಂದು ಉಣ್ಣಕ್ಕಾಗಲ್ವಾ ಆ ಮಹಾನುಭಾವನಿಗೆ?" ಎಂದು ಕೇಳಿದಳು.

ಹೆಂಡತಿ ಯಾರನ್ನಾದರೂ ಬೈಯುವಾಗ ದನಿಗೂಡಿಸುವುದು ಸಂಸಾರ ನಡೆಸುವ ಗಂಡಸಿನ ಕರ್ತವ್ಯ. ನಾನು ಆ ನೀಲಿ ಮುಚ್ಚಳದವನನ್ನು ಹಿಗ್ಗಾಮುಗ್ಗಾ ಜಾಡಿಸಿದೆ. ಕಲ್ಲು ಹೃದಯದವನು, ಮನೆಯನ್ನು ಛತ್ರ ಮಾಡಿಕೊಂಡವನು, ಮಲಗಲು ಮಾತ್ರ ಮನೆಗೆ ಬರುವ ದಗಾಕೋರ, ಅಂಥವನಿಗೆ ಹೆಂಡತಿ ಯಾಕೆ ಬೇಕಿತ್ತು ಎಂದೆಲ್ಲ ಅಂದೆ. ಅವಳು ತಲೆದೂಗಿದಳು. ಆಮೇಲೆ ನ್ಯಾಯ ಎರಡೂ ಕಡೆಗೆ ಇರಲಿ ಎಂದು, ಕೆಂಪು ಮುಚ್ಚಳದವಳದೂ ತಪ್ಪಿದೆ, ಉಪ್ಪಿನಲ್ಲಿ ಅಯೋಡಿನ್ ಇದೆಯೋ ಇಲ್ಲವೋ ನೋಡದೆ ತರುವವಳು ಎಂಥ ಪೆದ್ದಿ ಇರಬೇಕು ಎಂದಳು. ನಾನು ಬಾಯಿ ತುಂಬ ನಕ್ಕು, ಪೆದ್ದಿಯಲ್ಲ, ಶತದಡ್ಡಿ ಎಂದು ತಿದ್ದಿದೆ. ಮತ್ತು ನನ್ನ ಕಲ್ಲುಪ್ಪು ಹಾಕಿದ ಬೇಳೆಯನ್ನು ಇನ್ನೊಂದು ಸೌಟು ಬಡಿಸಿಕೊಂಡೆ.

ಅಲ್ಲಿಂದ ಮುಂದೆ ದಿನವೂ ಹನ್ನೊಂದನೇ ಮನೆಯದೇ ಮಾತು. ಅವರಿಗೆ ಮಕ್ಕಳಿರಬಹುದೇ, ಇಬ್ಬರೂ ಮಾತು ಬಿಟ್ಟಿರಬಹುದೇ, ಅವಳು ಎಂದಾದರೂ ಅತ್ತಿರಬಹುದೇ ಎಂದು ಇಬ್ಬರೂ ಕುಳಿತು ಚಿಂತಿಸುತ್ತಿದ್ದೆವು. ನಿಜ ಹೇಳಬೇಕೆಂದರೆ ಆ ಮನೆಯ ದುಃಖ ನಮ್ಮ ಮನೆಗೆ ಮಾತು ತಂದಿತ್ತು. ನಾನು ಮನಸ್ಸಿನಲ್ಲೇ ಆ ಪೆದ್ದಿಗೆ ಕೈಮುಗಿದೆ.

ನನ್ನ ಅಂಗಡಿಗೆ ವಾರದ ರಜೆ ಇದ್ದ ಒಂದು ದಿನ, ನಡುಮಧ್ಯಾಹ್ನ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆಗೆದರೆ ನನ್ನ ಹೆಂಡತಿ. ಕೊರಳಲ್ಲಿ ಗುರುತಿನ ಚೀಟಿ, ಹೆಗಲಲ್ಲಿ ಪ್ರಯೋಗಾಲಯದ ಚೀಲ. ಬೀಗದ ಕೈ ಅವಳ ಹತ್ತಿರವೇ ಇರುತ್ತದೆ, ಆದರೂ ಗಂಟೆ ಒತ್ತಿದ್ದಾಳೆ. ಒಳಗೆ ಬರಲಿಲ್ಲ. ಹೊಸಿಲಾಚೆ ನಿಂತು, ಅಪರಿಚಿತರೊಡನೆ ಮಾತಾಡುವ ದನಿಯಲ್ಲಿ, "ಹನ್ನೊಂದನೇ ಮನೆ ಇದೇನಾ?" ಎಂದಳು.

ನಾನು ಹಲ್ಲು ಕಿಸಿದೆ. ಅವಳು ಕಿಸಿಯಲಿಲ್ಲ. ಅಯೋಡಿನ್ ತೀರ ಕಡಿಮೆ ಇರುವ ಮನೆಗಳಿಗೆ ಹೋಗಿ ಉಪ್ಪು ಪರೀಕ್ಷೆ ಮಾಡಬೇಕೆಂದು ಮೇಡಂ ಅಂದು ಆ ನಂಬರುಗಳ ಗುಟ್ಟು ಒಡೆದಿದ್ದರು. ಹನ್ನೊಂದನೆಯದರ ವಿಳಾಸವನ್ನು ನನ್ನ ಹೆಂಡತಿಯ ಕೈಗೇ ಕೊಟ್ಟಿದ್ದರು.

"ಮನೆಗೆ ಹೋಗೋ ದಾರಿ ಗೊತ್ತಿದೆ ತಾನೇ ಅಂತ ಕೇಳಿದ್ರು ಮೇಡಂ" ಎಂದಳು.

ಉಪ್ಪು ತೋರಿಸಿ ಎಂದಳು. ತೋರಿಸಿದೆ. ನಾಲ್ಕು ಹರಳು ಜಜ್ಜಿ ಬಿಳಿ ಬಟ್ಟಲಿಗೆ ಹಾಕಿ, ಚೀಲದಿಂದ ಸಣ್ಣ ಸೀಸೆ ತೆಗೆದು ಒಂದು ಹನಿ ಬಿಟ್ಟಳು. ಅಯೋಡಿನ್ ಇದ್ದರೆ ಉಪ್ಪು ನೇರಳೆ ಬಣ್ಣಕ್ಕೆ ತಿರುಗಬೇಕು. ಇಬ್ಬರೂ ತಲೆಗೆ ತಲೆ ತಾಗುವಂತೆ ಬಗ್ಗಿ ನೋಡಿದೆವು. ಇನ್ನೊಂದು ಹನಿ ಬಿಟ್ಟಳು. ಉಪ್ಪು ಬೆಳ್ಳಗೇ ಇತ್ತು. ನಾನು ಶತದಡ್ಡಿ ಎಂದದ್ದು ನನಗೆ ನೆನಪಾಯಿತು. ಮಹಾನುಭಾವ ಎಂದದ್ದು ಅವಳಿಗೂ ನೆನಪಾಗಿರಬೇಕು, ಮುಖ ಕೆಂಪಗಾಗಿತ್ತು.

ಹಾಗೆ ನಿಂತವಳ ಕಣ್ಣು ಮೇಜಿನ ಕಡೆ ಹೋಯಿತು. ನಾನು ರಜೆಯ ದಿನವೂ ಅಭ್ಯಾಸಬಲದಿಂದ ಎರಡು ತಟ್ಟೆ ಇಟ್ಟಿದ್ದೆ.

"ಆ ತಟ್ಟೆ ಯಾರಿಗೆ?"

"ನಿನಗೆ."

"ದಿನಾ ಇಡ್ತೀರಾ?"

"ದಿನಾ ಇಡ್ತೀನಿ."

ಈಗ ಬಂತು, ನನ್ನ ಪಾಲಿನ ಪಾಪ ಈಗ ಬಂತು ಎಂದು ನಾನು ಕಾದೆ. ಅವಳು ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ಉಪ್ಪಿನ ಡಬ್ಬಿಯನ್ನು ನೋಡಿ, ಈ ದರಿದ್ರ ಕಲ್ಲುಪ್ಪನ್ನು ಯಾರು ತರಲು ಹೇಳಿದರು ಎಂದು ಶುರು ಮಾಡಿದಳು. ಊರಿನ ಅಡುಗೆಮನೆಗಳನ್ನೆಲ್ಲ ಹೊಕ್ಕು ಉಪ್ಪು ನೋಡುವ ತನ್ನ ಮನೆಯಲ್ಲೇ ಹೀಗಾದರೆ ನಾಳೆ ಹೇಗೆ ತಲೆಯೆತ್ತಿ ಓಡಾಡಲಿ ಎಂದಳು. ನಿನ್ನ ಮನೆಯ ಅಡುಗೆಮನೆಯನ್ನೂ ಒಂದು ಸಲ ಹೊಗಬಹುದಿತ್ತು ಎಂದು ನಾನು ಹೇಳಲಿಲ್ಲ. ಹೇಳುವ ಧೈರ್ಯ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಮೇಡಂ ತೀರ್ಪು ಮಾರನೆಯ ದಿನ ಬಂತು. ಹನ್ನೊಂದನೇ ಮನೆಯವರು ಉಪ್ಪು ಬದಲಿಸಬೇಕು, ಇಬ್ಬರೂ ಒಂದೇ ಅಡುಗೆ ಉಣ್ಣಬೇಕು, ಮತ್ತೆ ಕ್ಯಾನು ತುಂಬಿ ಕೊಡಬೇಕು. ಅಲ್ಲಿಗೆ ನನ್ನ ಆಸೆಗೆ ಸರಕಾರಿ ಮೊಹರು ಬಿದ್ದಂತಾಯಿತು. ಅವಳು ದಿನವೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬರತೊಡಗಿದಳು. ಕುರ್ಚಿಯ ಮೇಲೆ ಪೇರಿಸಿದ್ದ ಹಳೆಯ ಪೇಪರುಗಳನ್ನೆಲ್ಲ ಎತ್ತಿ ಒಗೆದೆ. ಮೊದಲನೆಯ ದಿನ ಹೆಣ್ಣು ನೋಡಲು ಬಂದವರ ಹಾಗೆ ತಟ್ಟೆ ನೋಡಿಕೊಂಡು ಉಂಡೆವು. ಎರಡನೆಯ ದಿನ ಬದನೆಕಾಯಿ ಚೆನ್ನಾಗಿದೆ ಎಂದಳು. ಮೂರನೆಯ ದಿನ ಅವಳ ಕೈ ಮೆಲ್ಲಗೆ ಮೇಜು ದಾಟಿ ಬಂದು ನನ್ನ ತಟ್ಟೆಯ ಆಲೂಗಡ್ಡೆ ಎತ್ತಿಕೊಂಡಿತು. ನಾನು ಗದರಿಕೊಂಡೆ. ಅಷ್ಟು ಸುಖವಾಗಿ ನಾನು ಯಾರನ್ನೂ ಗದರಿಕೊಂಡಿಲ್ಲ.

ಆದರೆ ಅದೇ ಊಟದ ಕೊನೆಯಲ್ಲಿ ಕೈ ತೊಳೆಯುತ್ತ, "ನಿಮ್ಮದೊಂದು ಸರಿಹೋಗ್ಲಿ, ಆಮೇಲೆ ನನಗೆ ಮತ್ತೆ ಕ್ಯಾಂಟೀನೇ ಗತಿ" ಎಂದುಬಿಟ್ಟಳು.

ನನ್ನ ಮೂತ್ರ ಸರಿಹೋದ ದಿನ ನನ್ನ ಸಂಸಾರ ಕೆಡುತ್ತದೆ! ಆಗ ನನಗೆ ಒಂದು ಅದ್ಭುತ ಉಪಾಯ ಹೊಳೆಯಿತು. (ನನ್ನ ಉಪಾಯಗಳ ಇತಿಹಾಸ ಬಲ್ಲವರು ಇಲ್ಲೇ ಎದ್ದು ಹೋಗುತ್ತಾರೆ.) ಮಾರನೆಯ ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ಬಚ್ಚಿಟ್ಟಿದ್ದ ಕಲ್ಲುಪ್ಪನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿ ಮಾಡಿದೆ. ಅವಳು ತಂದ ಅಯೋಡಿನ್ ಉಪ್ಪನ್ನು ಚಪ್ಪಲಿ ಗೂಡಿನ ಹಿಂದೆ ಅಜ್ಞಾತವಾಸಕ್ಕೆ ಕಳಿಸಿ, ಡಬ್ಬಿಗೆ ನನ್ನದನ್ನು ತುಂಬಿದೆ. ಬೆಳ್ಳಗೆ, ನುಣ್ಣಗೆ, ಯಾರಪ್ಪನಿಗೂ ಗೊತ್ತಾಗುವಂತಿರಲಿಲ್ಲ. ಕೆಂಪು ಮುಚ್ಚಳ ಪಾತಾಳದಲ್ಲೇ ಇರುತ್ತದೆ, ಅವಳು ನನ್ನೆದುರಿಗೇ ಇರುತ್ತಾಳೆ.

ಆ ವಾರದ ಕೊನೆಗೆ ಮತ್ತೆ ಕ್ಯಾನು ಬಂತು. ಇಬ್ಬರೂ ತುಂಬಿ ಕೊಟ್ಟೆವು. ಕೆಂಪು ಮುಚ್ಚಳದ್ದು ಒಂದೇ ದಿನದ್ದಾದರೆ ಸಾಲದು, ಮೇಲಿಂದ ಮೇಲೆ ಕೊಡುತ್ತಿದ್ದರೆ ಲೆಕ್ಕ ಇನ್ನೂ ಗಟ್ಟಿಯಾಗುತ್ತದೆ ಎಂದಳು. ಸಂತೋಷವಾಗಿ ಒಪ್ಪಿದೆ. ಅಂದಿನಿಂದ ಆ ಕೆಂಪು ಮುಚ್ಚಳದ ಕ್ಯಾನು ನನ್ನ ನೆರಳಾಯಿತು. ಬಸ್ಸಿನಲ್ಲಿ ತೊಡೆಯ ಮೇಲೆ, ಅಂಗಡಿಯಲ್ಲಿ ಕಾಲಡಿಯಲ್ಲಿ, ಹರಟೆಗೆ ಕರೆದ ಗೆಳೆಯನ ಮನೆಯಲ್ಲಿ ಪಕ್ಕದ ಕುರ್ಚಿಯಲ್ಲಿ. ಒಂದು ದಿನ ನನ್ನ ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರು, ಅದನ್ನು ಬಗ್ಗಿ ನೋಡಿ, ಕನ್ನಡಕ ಒರೆಸುವ ನೀರೇ ಎಂದು ಕೇಳಿದರು. ಏನು ಹೇಳಲಿ? ಹೌದೆಂದೆ. ನನಗೂ ಒಂದು ಸಣ್ಣ ಸೀಸೆಗೆ ಹಾಕಿಕೊಡಿ ಎಂದು ಕೈಚಾಚಿದರು. ಅದು ಇನ್ನೂ ಹದಕ್ಕೆ ಬಂದಿಲ್ಲ ಎಂದು ಹೇಳಿ ಬೇರೆ ನೀರು ಕೊಟ್ಟು ಕಳಿಸುವಷ್ಟರಲ್ಲಿ ನನಗೆ ಬೆವರು ಕಿತ್ತುಬಂತು.

ಬೆಳಗಾದರೆ ತುಂಬಿದ ಕ್ಯಾನನ್ನು ಎರಡೂ ಕೈಯಲ್ಲಿ ಅವಳಿಗೆ ಒಪ್ಪಿಸುತ್ತಿದ್ದೆ. ಅವಳು ಗಂಭೀರವಾಗಿ ತೆಗೆದುಕೊಂಡು, ಖಾಲಿ ಕ್ಯಾನೊಂದನ್ನು ಕೊಟ್ಟು, ಭಾರಕ್ಕೆ ಒಂದು ಕಡೆ ವಾಲಿಕೊಂಡು ಬಸ್‌ ಸ್ಟಾಪಿನ ಕಡೆ ನಡೆಯುತ್ತಿದ್ದಳು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ವಿಜ್ಞಾನಕ್ಕೆ ಮೋಸ ಮಾಡುತ್ತಿದ್ದೇನಲ್ಲ ಎಂದು ಮನಸ್ಸು ಚುಚ್ಚುತ್ತಿತ್ತು. ಆದರೆ ಸಂಜೆ ಎದುರಿನ ಕುರ್ಚಿ ತುಂಬಿದ ಕೂಡಲೇ ಚುಚ್ಚುವುದು ನಿಂತುಹೋಗುತ್ತಿತ್ತು.

ಹೀಗೇ ಇರುವಾಗ ಒಂದು ಸಂಜೆ ಅವಳು ಎಂದಿಗಿಂತ ಬೇಗ ಬಂದು ಕುರ್ಚಿಯಲ್ಲಿ ಕುಳಿತಳು. ಹನ್ನೊಂದನೇ ಮನೆಯ ಫಲಿತಾಂಶ ಬಂದಿದೆ ಎಂದಳು.

"ಏನಂತೆ?" ಎಂದೆ, ಸೌಟು ಕೈಯಲ್ಲೇ ಇತ್ತು.

"ಜೋಡಿ ಸರಿಹೋಯ್ತು. ಕೆಂಪೂ ನೀಲಿನೂ ಒಂದೇ ಥರ ಬಂದಿದೆ."

ನನಗೆ ಏನೂ ಅರ್ಥವಾಗಲಿಲ್ಲ. ನನ್ನದು ಸರಿಹೋಗಲು ಹೇಗೆ ಸಾಧ್ಯ?

"ಎರಡೂ ಪಾತಾಳದಲ್ಲಿದೆ" ಎಂದಳು.

ಚೀಲದಿಂದ ಆ ಸಣ್ಣ ಸೀಸೆ ಹೊರಗೆ ಬಂತು. ಉಪ್ಪಿನ ಡಬ್ಬಿ ತೆರೆದು, ಚಿಟಿಕೆಯಷ್ಟು ಬಟ್ಟಲಿಗೆ ಹಾಕಿ ಒಂದು ಹನಿ ಬಿಟ್ಟಳು. ನೋಡುವ ಅಗತ್ಯ ನನಗಿರಲಿಲ್ಲ. ಅಡುಗೆಯ ಮರ್ಮವನ್ನೆಲ್ಲ ಅರಿತ ನನಗೆ, ಜೊತೆಯಲ್ಲಿ ಕುಳಿತು ಉಣ್ಣುವವಳು ಅದೇ ಉಪ್ಪನ್ನು ಉಣ್ಣುತ್ತಾಳೆ ಎಂಬ ಒಂದು ವಿಷಯ ಮಾತ್ರ ಹೊಳೆದಿರಲಿಲ್ಲ. ನಾನು ಸೌಟು ಹಿಡಿದೇ ಹೋಗಿ ಚಪ್ಪಲಿ ಗೂಡಿನ ಹಿಂದಿನಿಂದ ಅವಳ ಪೊಟ್ಟಣವನ್ನು ತಂದು ಮೇಜಿನ ಮೇಲಿಟ್ಟೆ. ಮೇಡಂ ನಮ್ಮ ಮನೆಯನ್ನೇ ಅಧ್ಯಯನದಿಂದ ತೆಗೆದುಹಾಕಿದರಂತೆ.

"ಯಾಕ್ರೀ ಹೀಗ್ ಮಾಡಿದ್ರಿ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು.

"ಸರಿಹೋದ್ರೆ ನೀನು ಕ್ಯಾಂಟೀನಿಗೆ ಹೋಗಿಬಿಡ್ತೀಯಲ್ಲ. ನನಗೆ ನೀನು ಇಲ್ಲಿ ಕೂತ್ಕೋಬೇಕು ಕಣೆ. ಅದಕ್ಕೆ."

ಅವಳು ತಲೆ ತಗ್ಗಿಸಿ ಬಟ್ಟಲಿನ ಉಪ್ಪನ್ನು ಬೆರಳಿನಿಂದ ಅತ್ತಿಂದಿತ್ತ ಸರಿಸುತ್ತ ಕುಳಿತಳು. ನನಗೆ ತಡೆಯಲಾಗಲಿಲ್ಲ. ಪ್ರಾಯಶ್ಚಿತ್ತಕ್ಕೆಂದು, ನಾಳೆಯಿಂದ ಒಳ್ಳೆಯ ಉಪ್ಪು ತಿಂದು ಇನ್ನಷ್ಟು ಕ್ಯಾನು ತುಂಬಿಕೊಡುತ್ತೇನೆ, ಇಲ್ಲಿಯವರೆಗೆ ಕೊಟ್ಟದ್ದನ್ನೆಲ್ಲ ಚೆಲ್ಲಿಬಿಡಲು ಮೇಡಂಗೆ ಹೇಳು ಎಂದೆ.

"ಚೆಲ್ಲಿಯಾಯ್ತು" ಎಂದಳು. "ಮೊದಲನೇ ಕ್ಯಾನು ಒಂದೇ ಅವರು ಕೇಳಿದ್ದು. ಉಳಿದಿದ್ದನ್ನೆಲ್ಲ ಆಯಾ ದಿನಾನೇ ಲ್ಯಾಬಿನ ಬಚ್ಚಲಿಗೆ ಸುರೀತಿದ್ದೆ."

ನಾನು ಸೌಟನ್ನು ಕೆಳಗಿಟ್ಟೆ. ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡದ್ದು, ಮೇಷ್ಟ್ರ ಎದುರು ಬೆವರಿದ್ದು, ಗೆಳೆಯನ ಮನೆಯಲ್ಲಿ ಪಕ್ಕದ ಕುರ್ಚಿ ಕೊಡಿಸಿದ್ದು, ಎಲ್ಲವೂ ಕಣ್ಣ ಮುಂದೆ ಮೆರವಣಿಗೆ ಹೋದವು.

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಸಾಕು ಅಂದಿದ್ರೆ, ಹಾಗಾದ್ರೆ ಊಟಕ್ಕೆ ಯಾಕೆ ಬರ್ತಿದೀಯ ಅಂತ ಕೇಳ್ತಿದ್ರಿ. ಇಷ್ಟು ದಿನ ಬರದೆ ಇದ್ದೋಳು. ಏನಂತ ಹೇಳ್ಲಿ? ಅದಕ್ಕೇ ಹೊತ್ಕೊಂಡು ಹೋಗ್ತಿದ್ದೆ." ಆ ತಟ್ಟೆ ನೋಡಿದ ದಿನದಿಂದ ಕ್ಯಾಂಟೀನಿನ ಊಟ ಗಂಟಲಲ್ಲಿ ಇಳಿಯುತ್ತಿಲ್ಲ ಎಂದಳು.

ಅಂದರೆ ನಾನು ಅವಳನ್ನು ಹಿಡಿದಿಟ್ಟುಕೊಳ್ಳಲು ಕ್ಯಾನು ಹೊತ್ತಿದ್ದೆ, ಅವಳು ಬರುವುದಕ್ಕೊಂದು ನೆವ ಬೇಕೆಂದು ಅದೇ ಕ್ಯಾನು ಹೊತ್ತಿದ್ದಳು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವಳ ಸ್ಥಿತಿಯೂ ಬೇರೆಯಾಗಿರಲಿಲ್ಲ.

"ನಾಳೆ ಬರ್ತೀಯಾ?" ಎಂದೆ.

"ಬರ್ತೀನಿ. ಆದ್ರೆ ಇನ್ಮೇಲೆ ಉಪ್ಪು ನಾನೇ ಹಾಕೋದು."

ಹೇಳಿದಂತೆ ಬಂದಳು. ಒಲೆಯ ಮುಂದೆ ನಿಂತು, ಒಂದು ವರ್ಷದ ಅಯೋಡಿನ್ ಬಾಕಿಯನ್ನೆಲ್ಲ ಒಂದೇ ಊಟದಲ್ಲಿ ತೀರಿಸುವವಳಂತೆ ಪೊಟ್ಟಣದಿಂದ ಉಪ್ಪು ಸುರಿದಳು. ನನ್ನ ಶಿಸ್ತಿನ ಬೀನ್ಸು, ನನ್ನ ಗಳಿಗೆ ನೋಡಿ ಕೊಟ್ಟ ಒಗ್ಗರಣೆ, ಎಲ್ಲ ಸಮುದ್ರದ ಪಾಲಾಯಿತು. ಅವಳು ಇನ್ನೂ ಬಾಯಿಗಿಟ್ಟಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತು, ಕಣ್ಣರಳಿಸಿ, ನಾನು ನುಂಗುವುದನ್ನೇ ನೋಡುತ್ತಿದ್ದಳು.

"ಉಪ್ಪು ಹೇಗಿದೆ?"

ಕೇಳಿದರೆ ಜನ ಸುಳ್ಳು ಹೇಳುತ್ತಾರೆ ಎಂದು ಕಂಡುಹಿಡಿದವಳು ಅವಳೇ ಅಲ್ಲವೇ. "ಹದವಾಗಿದೆ" ಎಂದು ಹೇಳಿ ಇನ್ನೊಂದು ಸೌಟು ಬಡಿಸಿಕೊಂಡೆ.